ನಾಯಿಯ ರಕ್ತದಲ್ಲಿ ಲೈಪೇಸ್ ಏರಿದಾಗ

ಲೈಪೇಸ್ ಕೊಬ್ಬನ್ನು ಒಡೆದು ಜೀರ್ಣಿಸುವ ಕಿಣ್ವ. ಮುಖ್ಯವಾಗಿ ಮೇದೋಜೀರಕ ಗ್ರಂಥಿಯಲ್ಲಿ ತಯಾರಾಗಿ ಸಣ್ಣ ಕರುಳಿಗೆ ಸೇರುತ್ತದೆ. ಗ್ರಂಥಿಗೆ ಉರಿಯೂತ ಬಂದಾಗ ಅದು ರಕ್ತಕ್ಕೆ ಸೋರುತ್ತದೆ. ಲೈಪೇಸ್ ಪರೀಕ್ಷೆ ಹುಡುಕುವುದು ಈ ಸೋರಿಕೆಯನ್ನೇ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯಲ್ಲಿ ಯುಗಾದಿಯ ಮರುದಿನ ಹೊಸತೊಡಕಿನ ಬಾಡೂಟ. ಎಲೆಯಲ್ಲಿ ಉಳಿದ ಕೊಬ್ಬು, ಚರ್ಮ, ಮೂಳೆ ನಾಯಿಯ ಪಾಲು. ಒಮ್ಮೆಲೇ ತಿಂದ ಅಷ್ಟು ಜಿಡ್ಡು ಕೆಲವು ನಾಯಿಗಳಲ್ಲಿ ಮೇದೋಜೀರಕದ ಉರಿಯೂತಕ್ಕೆ ದಾರಿಯಾಗಬಹುದು. ನಾಯಿ ಮತ್ತೆ ಮತ್ತೆ ಕಕ್ಕುತ್ತದೆ, ಅನ್ನ ಮೂಸುವುದಿಲ್ಲ. ಮುಂಗಾಲು, ಎದೆ ನೆಲಕ್ಕೆ ಊರಿ ಹಿಂಭಾಗವನ್ನು ಮೇಲೆತ್ತಿ ನಿಲ್ಲುವುದೂ ಉಂಟು. ಹೊಟ್ಟೆನೋವು ತಾಳಲಾರದ ಭಂಗಿ ಅದು. ಊಟವೊಂದೇ ಕಾರಣವಲ್ಲ. ಉಣ್ಣಿ ಹರಡುವ ಬಬೇಸಿಯ ರೋಗದಲ್ಲೂ, ಹೊಗೆಸೊಪ್ಪಿನಂಥ ಬೆಳೆಗಳಿಗೆ ಹೊಡೆಯುವ ಆರ್ಗ್ಯಾನೋಫಾಸ್ಫೇಟ್ ಕೀಟನಾಶಕ ಹೊಟ್ಟೆಗೆ ಹೋದಾಗಲೂ ಇದೇ ಗ್ರಂಥಿಗೆ ಪೆಟ್ಟು ಬೀಳಬಹುದು.

ಹಳೆಯ ವಿಧಾನದ ಪರೀಕ್ಷೆ ರಕ್ತದಲ್ಲಿರುವ ಒಟ್ಟು ಲೈಪೇಸ್ ಚಟುವಟಿಕೆಯನ್ನು ಅಳೆಯುತ್ತದೆ. ತೊಡಕಿರುವುದು ಇಲ್ಲೇ. ಜಠರವೂ ಲೈಪೇಸ್ ತಯಾರಿಸುತ್ತದೆ. ಮೂತ್ರಪಿಂಡ ಸೋತ ನಾಯಿಯ ರಕ್ತದಲ್ಲಿ ಕಿಣ್ವ ಹಾಗೇ ಉಳಿದು ಏರುತ್ತದೆ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟಿದ್ದರಂತೂ ಉರಿಯೂತ ಇಲ್ಲದೆಯೂ ಅಂಕಿ ಹಲವು ಪಟ್ಟು ಹೆಚ್ಚಬಹುದು. ಆದ್ದರಿಂದ ಸ್ವಲ್ಪ ಏರಿಕೆಗೆ ಬೆಲೆಯಿಲ್ಲ. ಸಹಜ ಮಿತಿಯ ಮೂರರಿಂದ ಐದು ಪಟ್ಟು ದಾಟಿದಾಗ ಅನುಮಾನ ಬಲವಾಗುತ್ತದೆ. ಅಂಕಿ ಸಹಜವಾಗಿದ್ದ ಮಾತ್ರಕ್ಕೆ ರೋಗವಿಲ್ಲವೆಂದೂ ಹೇಳಲಾಗದು. ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡದೆ ಲೈಪೇಸ್ ಒಂದನ್ನೇ ಓದುವುದು ಅರ್ಧ ಓದು.

ಮೇದೋಜೀರಕದ ಲೈಪೇಸನ್ನು ಮಾತ್ರ ಪ್ರತಿಕಾಯದ ನೆರವಿನಿಂದ ಗುರುತಿಸುವ ಹೊಸ ಪರೀಕ್ಷೆ ಈ ಗೊಂದಲವನ್ನು ಬಹಳ ಮಟ್ಟಿಗೆ ಕಳೆದಿದೆ. ಸ್ಪೆಕ್ ಸಿಪಿಎಲ್ ಎಂಬ ಈ ಪರೀಕ್ಷೆಯಲ್ಲಿ ನಾಯಿಯ ಅಂಕಿ ಲೀಟರಿಗೆ 200 ಮೈಕ್ರೋಗ್ರಾಂವರೆಗೆ ಸಹಜ. 400 ಮುಟ್ಟಿದರೆ ಉರಿಯೂತ ಇರುವ ಸಂಭವ ಹೆಚ್ಚು. ನಡುವಿನದಾದರೆ ಮತ್ತೊಮ್ಮೆ ಪರೀಕ್ಷಿಸಬೇಕು. ನಾಯಿಗೆ ಕೂಡಲೇ ಉತ್ತರ ಕೊಡುವ ಕಿಟ್ ಕೂಡ ಇದೆ. ಅದರಲ್ಲಿ 'ಇಲ್ಲ' ಎಂದು ಬಂದ ಫಲಿತಾಂಶವೇ ಹೆಚ್ಚು ನಂಬಿಕೆಯದು. 'ಇದೆ' ಎಂದು ಬಂದರೆ ಅಂಕಿ ತೋರಿಸುವ ಪರೀಕ್ಷೆ ಆಗಬೇಕು.



ಬಾಡೂಟದ ಮೂಳೆ ಕರುಳಿನಲ್ಲಿ ಸಿಕ್ಕಿಕೊಂಡಾಗಲೂ ಲೈಪೇಸ್ ಏರಬಹುದು. ಅದಕ್ಕೆ ಡ್ರಿಪ್ ಸಾಲದು, ಶಸ್ತ್ರಚಿಕಿತ್ಸೆ ಬೇಕಾದೀತು. ಎಕ್ಸ್‌ರೇ, ಸ್ಕ್ಯಾನಿಂಗ್ ಕೈಬಿಡಬಾರದೆನ್ನುವುದು ಇದಕ್ಕೇ. ನಾಯಿಯನ್ನು ಆಸ್ಪತ್ರೆಗೆ ತಂದವರು ಅದು ಏನು ತಿಂದಿತು, ಯಾವಾಗ ತಿಂದಿತು, ಈ ಮೊದಲು ಯಾವ ಇಂಜೆಕ್ಷನ್ ಆಗಿತ್ತು ಎಂಬುದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಬೇಕು.