ಕಡಲಿಗೆಂದು ಒಂದು ದಿನ

ಕುಟುಂಬಸಮೇತ ದ್ವೀಪವೊಂದರಲ್ಲಿ ಸುಖವಾಗಿ ನಾಲ್ಕು ದಿನ ತಂಗಿ ಬರಬೇಕೆಂಬ ಅಪೇಕ್ಷೆ ಸಹಜವಾದುದು. ಆದರೆ ದ್ವೀಪಯಾತ್ರೆಗೆ ಹಣದ ಲೆಕ್ಕವೊಂದೇ ಸಾಲದು. ಕಡಲಿನ ಲೆಕ್ಕವೂ ಬೇಕು.

ಅಂಡಮಾನಿನ ಸ್ವರಾಜ್ ದ್ವೀಪವನ್ನೇ ನೋಡೋಣ. 2018ರವರೆಗೆ ಇದಕ್ಕೆ ಹ್ಯಾವ್‌ಲಾಕ್ ಎಂದು ಹೆಸರಿತ್ತು. ಇಲ್ಲಿ ವಿಮಾನ ನಿಲ್ದಾಣವಿಲ್ಲ. ಪೋರ್ಟ್ ಬ್ಲೇರ್, ಅಂದರೆ ಇಂದಿನ ಶ್ರೀ ವಿಜಯಪುರಂನಿಂದ ಹಡಗನ್ನೇರಬೇಕು. ಕಡಲು ಕೆರಳಿದರೆ ಹಡಗು ಹೊರಡದು. ಆದ್ದರಿಂದ ದ್ವೀಪ ಬಿಟ್ಟ ದಿನವೇ ಊರಿನ ವಿಮಾನಕ್ಕೆ ಟಿಕೆಟು ತೆಗೆಯಬಾರದು. ನಡುವೆ ಒಂದು ದಿನ ಬಿಡುವಿರಲಿ. ಆ ದಿನ ಸೆಲ್ಯುಲರ್ ಜೈಲಿನ ದರ್ಶನಕ್ಕೆ ಒದಗೀತು. ಜನವರಿಯಿಂದ ಏಪ್ರಿಲ್‌ವರೆಗೆ ಕಡಲು ಸಾಮಾನ್ಯವಾಗಿ ಶಾಂತ.

ರಾಧಾನಗರದ ತೀರದಲ್ಲಿ ಹೆಮ್ಮರಗಳ ಕಾಡು ಮರಳಿನವರೆಗೂ ಇಳಿದು ಬಂದಿದೆ. ಕಾಡಿನ ಮಗ್ಗುಲಲ್ಲೇ ಸಕಲ ಸೌಕರ್ಯದ ವಸತಿಗಳುಂಟು. ಜನವರಿಯಲ್ಲಿ ಐದು ಗಂಟೆ ದಾಟುತ್ತಲೇ ಸೂರ್ಯಾಸ್ತವಾಗುವುದರಿಂದ ಮಧ್ಯಾಹ್ನದೊಳಗೇ ದ್ವೀಪ ಸೇರುವುದು ಲೇಸು.

ಇಲ್ಲಿನ ಅಡುಗೆಯಲ್ಲಿ ಮೀನಿಗೆ ಅಗ್ರಸ್ಥಾನ. ಸಸ್ಯಾಹಾರಿಗಳು ಕೋಣೆ ಕಾದಿರಿಸುವಾಗಲೇ ತಿಳಿಸಿ, ಪಾತ್ರೆ ಬೇರೆ ಇರುವುದೇ ಎಂದು ವಿಚಾರಿಸಬೇಕು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರು ನೆಲೆಸಿದ ದ್ವೀಪವಿದು; ಹಾಗಲಕಾಯಿ ಬೆರೆಸಿದ ‘ಶುಕ್ತೊ’ ಎಂಬ ಬಂಗಾಳಿ ಪಲ್ಯವನ್ನು ಕೇಳಿ ಮಾಡಿಸಿಕೊಳ್ಳಬಹುದು.

ಹವಳದ ದಿಬ್ಬಗಳನ್ನು ಕಣ್ಣಿನಿಂದಷ್ಟೇ ನೋಡಬೇಕು. 2010ರಲ್ಲಿ ನೀರು ಬಿಸಿಯೇರಿ ಅಂಡಮಾನಿನ ಹವಳಗಳು ಬಿಳಿಚಿ, ಬಹಳಷ್ಟು ಸತ್ತವು. ಕಾಲೂರಿ ನಿಂತರೂ ಅವು ಮುರಿಯುತ್ತವೆ. ಸತ್ತ ಹವಳದ ಚೂರನ್ನು ಒಯ್ಯುವುದೂ 1972ರ ವನ್ಯಜೀವಿ ಕಾಯಿದೆಯಂತೆ ಅಪರಾಧ. ಮಕ್ಕಳಿಗೆ ಇದನ್ನು ಮನೆಯಲ್ಲೇ ತಿಳಿಹೇಳಿ ಹೊರಡಿರಿ. ಅತಿಥಿಯಾಗಿ ಹೋದವರು ಮನೆಯನ್ನು ಇದ್ದಂತೆಯೇ ಬಿಟ್ಟು ಬರುವುದು ಧರ್ಮ.