ರಾತ್ರಿ ಆಕಾಶದ ಆ ಕೆಂಪು ಗುಂಡುಗಳ ವಿಡಿಯೊ ನಿಜವೇ? ಡ್ರೋನ್ ಯುದ್ಧದ ಅಸಲಿ ಕಥೆ

2025ರ ಮೇ ತಿಂಗಳ ಆಪರೇಷನ್ ಸಿಂಧೂರ ನೆನಪಿದೆಯಲ್ಲ? ಆಕಾಶಕ್ಕೆ ಸಾಲಾಗಿ ಕೆಂಪು ಗುಂಡುಗಳು ಹಾರುವ ವಿಡಿಯೊಗಳು ಯಲಹಂಕ, ಆರ್‌ಟಿ ನಗರದ ವಾಟ್ಸ್‌ಆಪ್ ಗ್ರೂಪ್‌ಗಳವರೆಗೂ ಬಂದವು. ಕೆಲವು ನಿಜ. ಕೆಲವು ಬರೀ ವಿಡಿಯೊ ಗೇಮ್ ತುಣುಕುಗಳು ಎಂದು ಪಿಐಬಿ ಫ್ಯಾಕ್ಟ್ ಚೆಕ್ ತಿಳಿಸಿತು.

ಅಷ್ಟೊಂದು ಡ್ರೋನ್ ಯಾಕೆ?

ಮೇ 8ರ ರಾತ್ರಿ ಪಾಕಿಸ್ತಾನ 36 ಕಡೆ ಸುಮಾರು 300ರಿಂದ 400 ಡ್ರೋನ್ ಬಳಸಿತು ಎಂದು ನಮ್ಮ ಸೇನೆ ಹೇಳಿದೆ. ಇಂಥ ದಾಳಿಯಲ್ಲಿ ಎಲ್ಲ ಡ್ರೋನ್‌ಗಳೂ ಬಾಂಬ್ ಹೊತ್ತಿರಬೇಕಿಲ್ಲ. ಎದುರಾಳಿ ರೇಡಾರ್ ಆನ್ ಮಾಡಿದರೆ ಅದು ಎಲ್ಲಿದೆ ಎಂದು ಗೊತ್ತಾಗುತ್ತದೆ. ಕೆಲವು ಲಕ್ಷದ ಡ್ರೋನ್‌ಗೆ ಕೋಟಿ ಬೆಲೆಯ ಕ್ಷಿಪಣಿ ಹಾರಿಸಿದರೆ ಕ್ಷಿಪಣಿಗಳೇ ಖಾಲಿಯಾಗುತ್ತವೆ.

ಹಳೇ ಫಿರಂಗಿಯೇ ಉತ್ತರ

ಅದಕ್ಕೇ ಎಲ್-70ಯಂಥ ದಶಕಗಳ ಹಳೆಯ ಫಿರಂಗಿಗಳು ಮತ್ತೆ ಕೆಲಸಕ್ಕೆ ಬಂದವು. ನಿಮಿಷಕ್ಕೆ ಸುಮಾರು 300 ಗುಂಡು, ಖರ್ಚೂ ಕಡಿಮೆ. ಇದಕ್ಕೆ ಹೊಸ ಕಣ್ಣು ಕೊಟ್ಟು ಆಧುನೀಕರಿಸಿದ್ದು ಬಿಇಎಲ್. ಹೌದು, 1954ರಲ್ಲಿ ಶುರುವಾದ, ಯಶವಂತಪುರದಾಚೆ ಜಾಲಹಳ್ಳಿಯಲ್ಲಿ ಕಾರ್ಖಾನೆ ಇರುವ ಅದೇ ಬಿಇಎಲ್! ರೇಡಾರ್‌ಗಳ ಮಾಹಿತಿಯನ್ನು ಒಂದೇ ಚಿತ್ರವಾಗಿ ಜೋಡಿಸಿ, ಯಾವ ಗುರಿಗೆ ಯಾವ ಅಸ್ತ್ರ ಎಂದು ಬೇಗ ನಿರ್ಧರಿಸಲು ನೆರವಾಗುವ 'ಆಕಾಶ್‌ತೀರ್' ಕೂಡ ಅದರದ್ದೇ.

ಜಾಮರ್ ಇದ್ದರೆ ಸಾಕೇ?

ಸಾಲದು. ರೇಡಿಯೊ, ಜಿಪಿಎಸ್ ಸಂಕೇತ ಕೆಡಿಸಿದರೆ ಹೆಚ್ಚಿನ ಡ್ರೋನ್‌ಗಳು ದಾರಿ ತಪ್ಪುತ್ತವೆ. ಆದರೆ ಉಕ್ರೇನ್ ಯುದ್ಧದಲ್ಲಿ ಕಿಲೋಮೀಟರ್‌ಗಟ್ಟಲೆ ತೆಳು ಫೈಬರ್ ತಂತಿ ಬಿಚ್ಚಿಕೊಂಡು ಹಾರುವ ಡ್ರೋನ್‌ಗಳು ಬಂದಿವೆ. ಅವು ರೇಡಿಯೊ ನಂಬುವುದೇ ಇಲ್ಲ, ಜಾಮರ್‌ಗೆ ಬಗ್ಗುವುದೂ ಇಲ್ಲ. ಹಾಗಾಗಿ ರೇಡಾರ್, ಜಾಮರ್, ಫಿರಂಗಿ, ಕ್ಷಿಪಣಿ ಎಲ್ಲವೂ ಪದರ ಪದರವಾಗಿ ಬೇಕು.

ನಮಗೇನು ಸಂಬಂಧ?

ಎರಡು ವಿಷಯ. ಒಂದು, ವಾಯುನೆಲೆ ಇರುವ ಯಲಹಂಕದಂಥ ಕಡೆ ಮದುವೆ ಶೂಟಿಂಗ್‌ಗೆಂದು ಡ್ರೋನ್ ಹಾರಿಸುವ ಮೊದಲು ಡಿಜಿಟಲ್ ಸ್ಕೈ ನಕ್ಷೆ ನೋಡಿ. 2021ರ ಡ್ರೋನ್ ನಿಯಮದಂತೆ ರೆಡ್ ಜೋನ್‌ನಲ್ಲಿ ಹಾರಿಸಲು ಕೇಂದ್ರ ಸರ್ಕಾರದ ಅನುಮತಿ ಬೇಕು.

ಎರಡು, ವಿಡಿಯೊ ನಿಜವೇ ಆಗಿದ್ದರೂ ತಡೆಯಿರಿ. ಫಿರಂಗಿ ಎಲ್ಲಿಂದ ಹಾರುತ್ತಿದೆ ಎಂದು ಕಂಡುಹಿಡಿಯಲು ಶತ್ರು ಡ್ರೋನ್ ಕಳಿಸುತ್ತಾನೆ. ಜಾಗದ ಹೆಸರು ಹಾಕಿ ವಿಡಿಯೊ ಫಾರ್ವರ್ಡ್ ಮಾಡಿದರೆ ಆ ಕೆಲಸವನ್ನು ನಾವೇ ಪುಕ್ಕಟೆ ಮಾಡಿಕೊಟ್ಟಂತೆ.