ನಿಮಗಿದು ಗೊತ್ತೆ? ಸ್ವಿಚ್‌ನೊಳಗೊಂದು ಕನ್ನಡಿ

ಮಣಿಪಾಲದ ಹಾಸ್ಟೆಲ್ಲಿರಲಿ, ಉಡುಪಿಯ ಬ್ಯಾಂಕ್ ಶಾಖೆಯಿರಲಿ, ಹತ್ತಾರು ಕಂಪ್ಯೂಟರುಗಳಿರುವ ಕಡೆ ನೆಟ್‌ವರ್ಕ್ ಸ್ವಿಚ್ ಇದ್ದೇ ಇರುತ್ತದೆ. ಹಳೆಯ ಹಬ್‌ಗಳು ಒಂದು ಪೋರ್ಟಿಗೆ ಬಂದದ್ದನ್ನು ಉಳಿದೆಲ್ಲ ಪೋರ್ಟುಗಳಿಗೂ ಹರಡುತ್ತಿದ್ದವು. ಸ್ವಿಚ್ ವಿಳಾಸ ನೋಡಿ ಸಂಬಂಧಪಟ್ಟ ಪೋರ್ಟಿಗಷ್ಟೇ ಕಳಿಸುತ್ತದೆ. ಹಾಗಾಗಿ 1998ರಲ್ಲಿ ಜೆರಾಲ್ಡ್ ಕೂಂಬ್ಸ್ ಹೊರತಂದ, ಈಗ ವೈರ್‌ಶಾರ್ಕ್ ಎನ್ನುವ, ನೆಟ್‌ವರ್ಕ್ ಟ್ರಾಫಿಕ್ ತೋರಿಸುವ ತಂತ್ರಾಂಶವಿರುವ ಲ್ಯಾಪ್‌ಟಾಪನ್ನು ಖಾಲಿ ಪೋರ್ಟಿಗೆ ಸಿಕ್ಕಿಸಿದರೂ ಬೇರೆಯವರ ಟ್ರಾಫಿಕ್ ಬಹುತೇಕ ಕಾಣಿಸದು.

ತಪಾಸಣೆಗೆ ಅದು ಕಾಣಲೇಬೇಕಾದಾಗ ಪರಿಹಾರವೇ ಪೋರ್ಟ್ ಮಿರರಿಂಗ್: ಒಂದು ಪೋರ್ಟಿನ ಟ್ರಾಫಿಕ್ಕಿನ ನಕಲನ್ನು ಸ್ವಿಚ್ ಇನ್ನೊಂದು ಪೋರ್ಟಿಗೂ ಕಳಿಸುವುದು. ಸಿಸ್ಕೋ ಸ್ವಿಚ್‌ಗಳಲ್ಲಿ ಇದು ‘ಸ್ಪ್ಯಾನ್’. ‘ಮಾನಿಟರ್ ಸೆಷನ್ 1’ ಎಂದು ಶುರುವಾಗುವ ಎರಡು ಸಾಲು ಸಾಕು: ಒಂದರಲ್ಲಿ ಯಾವ ಪೋರ್ಟಿನ ನಕಲು ಬೇಕು, ಇನ್ನೊಂದರಲ್ಲಿ ಅದು ಎಲ್ಲಿಗೆ ಹೋಗಬೇಕು. ಮೂಲ ಸಂವಹನಕ್ಕೆ ಅಡ್ಡಿಯಿಲ್ಲ. ಕಾರ್ಕಳದ ಶಾಖೆಯ ಟ್ರಾಫಿಕ್ಕನ್ನು ಮಣಿಪಾಲದಲ್ಲಿ ಕೂತು ನೋಡಬೇಕಿದ್ದರೆ ‘ಇಆರ್‌ಸ್ಪ್ಯಾನ್’ ಇದೆ. ನಕಲನ್ನು ಇನ್ನೊಂದು ಪೊಟ್ಟಣದೊಳಗಿಟ್ಟು ರೂಟರುಗಳ ಮೂಲಕ ದಾಟಿಸುತ್ತದೆ.

ಹಲವರು ಎಡವುವುದು ಲೆಕ್ಕದಲ್ಲಿ. 1 ಗಿಗಾಬಿಟ್ ಪೋರ್ಟಿನಲ್ಲಿ ಹೋಗುವುದು, ಬರುವುದು ಎರಡೂ ತುಂಬಿದರೆ ಒಟ್ಟು 2 ಗಿಗಾಬಿಟ್. ನಕಲು ಪಡೆಯುವ ಪೋರ್ಟ್ 1 ಗಿಗಾಬಿಟ್‌ನದ್ದಾದರೆ ಉಳಿದದ್ದು ಬಿದ್ದುಹೋಗುತ್ತದೆ. ನೋಡುವವರು ನೆಟ್‌ವರ್ಕೇ ಕೆಟ್ಟಿದೆ ಎಂದುಕೊಳ್ಳುತ್ತಾರೆ.

ಗೂಢಲಿಪಿ ಬಳಸುವ ಎಚ್‌ಟಿಟಿಪಿಎಸ್ ಸಂವಹನದ ಒಳಗಿನ ವಿಷಯ ಈ ನಕಲಿನಲ್ಲೂ ಓದಲು ಸಿಗದು. ಯಾರು, ಯಾರೊಡನೆ, ಎಷ್ಟು ಎಂಬುದಷ್ಟೇ ತಿಳಿಯುತ್ತದೆ. ಗೂಢಲಿಪಿಯಿಲ್ಲದ ಪಾಸ್‌ವರ್ಡುಗಳು ಮಾತ್ರ ಹಾಗೆಯೇ ಬಂದು ಬೀಳುತ್ತವೆ. ಆದ್ದರಿಂದ ಸ್ವಿಚ್ ಇರುವ ಕಪಾಟಿಗೆ ಬೀಗ ಇರಲೇಬೇಕು, ತಪಾಸಣೆ ಮುಗಿದ ಕೂಡಲೇ ಮಿರರಿಂಗ್ ಸೆಷನ್ ತೆಗೆಯಲೇಬೇಕು.